ವಿಂಡೋಸ್ 10 ಮುಗಿದ ಮೇಲೆ ಮನೆಯ ಲ್ಯಾಪ್‌ಟಾಪಿಗೆ ಯಾವುದು? ಲಿನಕ್ಸ್ ಮಿಂಟ್ ಜೊತೆ ಹತ್ತು ತಿಂಗಳು

ನಮ್ಮ ಮನೆಯ ಲ್ಯಾಪ್‌ಟಾಪ್ 2016ರಲ್ಲಿ ಕೊಂಡದ್ದು. ಇಂಟೆಲ್‌ನ ಆರನೆಯ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿಯ ಹಾರ್ಡ್ ಡಿಸ್ಕ್, ಬಂದಾಗಿನಿಂದಲೂ ವಿಂಡೋಸ್ 10. ಆ ವಿಂಡೋಸ್‌ಗೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಲ್ಲುವುದೆಂಬ ಸೂಚನೆ ಪರದೆಯ ಮೇಲೆ ಬರತೊಡಗಿದಾಗ, ಕೀಲಿಮಣೆಯ ಒಂದು ಗುಂಡಿಯೂ ಸವೆಯದ, ಪರದೆಗೆ ಒಂದು ಗೀರೂ ಬೀಳದ ಈ ಯಂತ್ರವನ್ನು ಏನು ಮಾಡುವುದೆಂಬ ಪ್ರಶ್ನೆ ಎದುರಾಯಿತು. 2021ರಲ್ಲಿ ಬಂದ ವಿಂಡೋಸ್ 11 ಇದಕ್ಕೆ ಹೊಂದುವುದಿಲ್ಲ. ಅದು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ, ಇಂಟೆಲ್‌ನದಾದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರನ್ನೂ ಕೇಳುತ್ತದೆ. ಅಡ್ಡದಾರಿಯಿಂದ ಹಾಕಿಕೊಳ್ಳುವ ಉಪಾಯಗಳಿವೆ; ಆದರೆ ಹಾಗೆ ಹಾಕಿಕೊಂಡ ಯಂತ್ರಕ್ಕೆ ಅಪ್‌ಡೇಟ್‌ಗಳು ಬರುತ್ತವೆಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. 2025ರ ಆಗಸ್ಟಿನಲ್ಲಿ ನಾನು ಇದಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡೆ. ಅದನ್ನು ಹತ್ತು ತಿಂಗಳು ದಿನವೂ ಬಳಸಿ, ಅದೇ ಅವಧಿಯಲ್ಲಿ ಮೇಲಿನ ಮನೆಯಲ್ಲಿರುವ ಅಣ್ಣನ ಮಗನ ವಿಂಡೋಸ್ 11 ಯಂತ್ರವನ್ನೂ ಆಗಾಗ ಬಳಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಆಯ್ಕೆಗೆ ಕೈಹಾಕುವ ಮೊದಲು ಒಂದು ವಾರ ಲೆಕ್ಕ ಇಟ್ಟೆ. ಮನೆಯಲ್ಲಿ ಯಾರೇ ಲ್ಯಾಪ್‌ಟಾಪ್ ತೆರೆದರೂ ಯಾವ ಕೆಲಸಕ್ಕೆಂದು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಬರೆದಿಟ್ಟೆ. ವಾರದ ಕೊನೆಗೆ 36 ಸಾಲುಗಳಾಗಿದ್ದವು. ಅವುಗಳಲ್ಲಿ 31 ಕೆಲಸಗಳು ಬ್ರೌಸರ್‌ನೊಳಗೇ ಶುರುವಾಗಿ ಅಲ್ಲಿಯೇ ಮುಗಿದವು: ಬ್ಯಾಂಕು, ವಿದ್ಯುತ್ ಬಿಲ್ಲು, ರೈಲು ಟಿಕೆಟ್ಟು, ಊರಿನ ಜಮೀನಿನ ಪಹಣಿ, ಪತ್ನಿ ನೋಡುವ ಧಾರಾವಾಹಿ, ತಂಗಿಯೊಂದಿಗೆ ವಿಡಿಯೊ ಕರೆ, ದಿನಪತ್ರಿಕೆ. ಇಂಥ ಕೆಲಸಗಳಿಗೆ ಕೆಳಗೆ ಯಾವ ಆಪರೇಟಿಂಗ್ ಸಿಸ್ಟಂ ಇದೆಯೆಂಬುದು ಗೊತ್ತೂ ಆಗುವುದಿಲ್ಲ. ಉಳಿದ ಐದು ಸಾಲುಗಳು ಹೀಗಿದ್ದವು: ಪ್ರಿಂಟ್ ತೆಗೆಯುವುದು, ಸ್ಕ್ಯಾನ್ ಮಾಡುವುದು, ಕನ್ನಡದಲ್ಲಿ ಬರೆಯುವುದು, ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಕಡತಗಳನ್ನು ತೆರೆಯುವುದು, ಫೋನಿನ ಫೋಟೊಗಳನ್ನು ತುಂಬಿಡುವುದು. ನನ್ನ ಮಟ್ಟಿಗೆ ಆಯ್ಕೆಯನ್ನು ನಿರ್ಧರಿಸಿದವು ಈ ಐದೇ ಸಾಲುಗಳು. ಆಪರೇಟಿಂಗ್ ಸಿಸ್ಟಂಗಳನ್ನು ಹೋಲಿಸುವ ಬರಹಗಳು ಬಹುಪಾಲು ಆ 31 ಕೆಲಸಗಳ ಸುತ್ತಲೇ ತಿರುಗುವುದರಿಂದ, ಎಷ್ಟು ಓದಿದರೂ ಮನೆಯ ಮಟ್ಟಿಗೆ ಯಾವುದು ಸರಿಯೆಂದು ತಿಳಿಯದೆ ಹೋಗುತ್ತದೆ.

ಏನನ್ನೂ ಬದಲಿಸದೆ ಇರುವುದೂ ಒಂದು ಆಯ್ಕೆಯೇ ಆಗಿತ್ತು. ಮನೆಬಳಕೆದಾರರಿಗೆ ವಿಂಡೋಸ್ 10ರ ಭದ್ರತಾ ಅಪ್‌ಡೇಟ್‌ಗಳನ್ನು ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ, ಕೊಡುವುದಾಗಿ ಮೈಕ್ರೋಸಾಫ್ಟ್ ಘೋಷಿಸಿತು. ಅದಕ್ಕೆ 30 ಡಾಲರ್ ಕೊಡಬಹುದು, ಕಂಪನಿಯ 1,000 ರಿವಾರ್ಡ್ ಪಾಯಿಂಟ್‌ಗಳನ್ನು ಬಳಸಬಹುದು, ಇಲ್ಲವೇ ಕಂಪ್ಯೂಟರಿನ ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟ್ ಖಾತೆಯ ಮೂಲಕ ಬ್ಯಾಕಪ್ ಮಾಡಿ ಹಣ ಕೊಡದೆಯೂ ಪಡೆಯಬಹುದು. ಗಡಿಬಿಡಿಯಲ್ಲಿರುವವರಿಗೆ ಇದು ಒಳ್ಳೆಯ ಅವಕಾಶ. ನನಗೆ ಮಾತ್ರ ಇದು ವಾಯಿದೆಯನ್ನು ಮುಂದೂಡಿದಂತೆ ಕಂಡಿತು.

ನಮ್ಮ ಊರುಗಳಲ್ಲಿ ಲಿನಕ್ಸ್‌ಗೆ ನಿಜವಾದ ಪೈಪೋಟಿ ಕೊಡುವುದು ದುಡ್ಡು ಕೊಟ್ಟು ಕೊಂಡ ವಿಂಡೋಸ್ ಎಂದು ಯಾರಾದರೂ ತಿಳಿದಿದ್ದರೆ ಅದು ತಪ್ಪು. ಬಡಾವಣೆಯ ಒಂದು ರಿಪೇರಿ ಅಂಗಡಿಗೆ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿದ್ದೆ. ಅಲ್ಲಿದ್ದ ಹುಡುಗ ಅದನ್ನು ತೆರೆದೂ ನೋಡದೆ, “ಸಾರ್, 500 ಕೊಡಿ, ಸಂಜೆಗೆ ವಿಂಡೋಸ್ 11 ಹಾಕಿ ಕೊಡ್ತೀನಿ, ಆಫೀಸೂ ಫ್ರೀ” ಎಂದ. ಪರವಾನಗಿಯ ಮಾತೆತ್ತಿದಾಗ ಅವನು ನಕ್ಕ ರೀತಿ ನೋಡಿದರೆ ನಾನೇ ಏನೋ ಅಸಭ್ಯವಾದದ್ದನ್ನು ಕೇಳಿದಂತಿತ್ತು. ಕದ್ದ ಪ್ರತಿಯನ್ನು ಚಾಲೂ ಮಾಡಲು ಬಳಸುವ ಸಣ್ಣ ತಂತ್ರಾಂಶಗಳಲ್ಲಿ ಏನು ಅಡಗಿದೆಯೆಂದು ಹಾಕುವವನಿಗೂ ಗೊತ್ತಿರುವುದಿಲ್ಲ, ಹಾಕಿಸಿಕೊಳ್ಳುವವನಿಗೂ ಗೊತ್ತಿರುವುದಿಲ್ಲ. ಅಂಥ ಯಂತ್ರದಲ್ಲೇ ನಾವು ಬ್ಯಾಂಕಿನ ಪಾಸ್‌ವರ್ಡ್ ಒತ್ತುತ್ತೇವೆ. ಈ ದಾರಿಯನ್ನು ಆಯ್ಕೆಗಳ ಸಾಲಿನಿಂದಲೇ ತೆಗೆದುಹಾಕಿದೆ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಪ್ರಾಮಾಣಿಕವಾದೀತು. ಲಿನಕ್ಸ್ ಹಾಕಿದ ಕೂಡಲೇ ಹಳೆಯ ಲ್ಯಾಪ್‌ಟಾಪ್ ಹಾರತೊಡಗಿತೆಂದು ಬರೆಯುವವರು ಅನೇಕ ವೇಳೆ ಅದರ ಜೊತೆಗೇ ಹಾರ್ಡ್ ಡಿಸ್ಕಿಗಿಂತ ಬಹಳ ವೇಗವಾದ ಎಸ್‌ಎಸ್‌ಡಿ ಎಂಬ ಡಿಸ್ಕನ್ನೂ ಹಾಕಿಸಿಕೊಂಡಿರುತ್ತಾರೆ, ಆದರೆ ಹೊಗಳಿಕೆಯನ್ನೆಲ್ಲ ಲಿನಕ್ಸ್‌ಗೇ ಸಲ್ಲಿಸುತ್ತಾರೆ. ನಾನು ಎರಡನ್ನೂ ಬೇರೆಬೇರೆಯಾಗಿ ಮಾಡಿ ಗಡಿಯಾರ ಹಿಡಿದು ನೋಡಿದೆ. ಹಳೆಯ ಹಾರ್ಡ್ ಡಿಸ್ಕ್ ಮತ್ತು ವಿಂಡೋಸ್ 10 ಇದ್ದಾಗ ಪವರ್ ಗುಂಡಿ ಒತ್ತಿದಲ್ಲಿಂದ ಬ್ರೌಸರ್ ಬಳಕೆಗೆ ಸಿದ್ಧವಾಗುವವರೆಗೆ 3 ನಿಮಿಷ 40 ಸೆಕೆಂಡ್ ಹಿಡಿಯುತ್ತಿತ್ತು. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿದ್ದೂ ಉಂಟು. 256 ಜಿಬಿ ಎಸ್‌ಎಸ್‌ಡಿ ಹಾಕಿ ಅದೇ ವಿಂಡೋಸ್ 10 ಇಟ್ಟಾಗ ಅದು 45 ಸೆಕೆಂಡಿಗೆ ಇಳಿಯಿತು. ಮಿಂಟ್ ಹಾಕಿದ ಮೇಲೆ 38 ಸೆಕೆಂಡ್. ಅಂದರೆ ವೇಗದ ವಿಷಯದಲ್ಲಿ ಮಿಂಟ್‌ನಿಂದ ಸಿಕ್ಕ ಲಾಭ ಏಳು ಸೆಕೆಂಡ್ ಮಾತ್ರ. ಮಿಂಟ್‌ನ ಹಗುರತನ ಕಾಣುವುದು ರ‍್ಯಾಮ್‌ನಲ್ಲಿ: ಏನನ್ನೂ ತೆರೆಯದೆ ಸುಮ್ಮನಿದ್ದಾಗ ವಿಂಡೋಸ್ 10 ನನ್ನ ಯಂತ್ರದಲ್ಲಿ ಸುಮಾರು 2 ಜಿಬಿ ಹಿಡಿದಿಟ್ಟುಕೊಳ್ಳುತ್ತಿತ್ತು, ಮಿಂಟ್ ಸುಮಾರು 1 ಜಿಬಿ. ಇದ್ದ 4 ಜಿಬಿಯಲ್ಲಿ ಆ ಒಂದು ಜಿಬಿ ಬಹಳ ದೊಡ್ಡದು. ಕೊನೆಗೆ ಇನ್ನೂ 4 ಜಿಬಿ ರ‍್ಯಾಮ್ ಸೇರಿಸಿದೆ. ಎಸ್‌ಎಸ್‌ಡಿಗೂ ಇದಕ್ಕೂ ಸೇರಿ ಆದ ಖರ್ಚು 3,350 ರೂಪಾಯಿ.

ಮಿಂಟ್ ಬಗ್ಗೆ ಕೇಳದವರಿಗಾಗಿ ಎರಡು ಮಾತು. ಇದು 2006ರಲ್ಲಿ ಕ್ಲೆಮಾಂ ಲೆಫೆಬ್ವ್ರ್ ಅವರು ಶುರುಮಾಡಿದ, ಉಚಿತವಾಗಿ ಸಿಗುವ ಲಿನಕ್ಸ್ ವಿತರಣೆ. ಮುಖ್ಯ ಆವೃತ್ತಿ ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ ದೀರ್ಘಾವಧಿ ಬೆಂಬಲದ ಆವೃತ್ತಿಗಳ ಮೇಲೆ ನಿಂತಿದೆ. ನಾನು ಹಾಕಿಕೊಂಡ 22ನೆಯ ಸರಣಿ ಉಬುಂಟು 24.04ರ ಮೇಲೆ ಕಟ್ಟಿದ್ದು, 2029ರವರೆಗೆ ಅದಕ್ಕೆ ಭದ್ರತಾ ಅಪ್‌ಡೇಟ್‌ಗಳು ಬರುತ್ತವೆ. ಇವರು ಆವೃತ್ತಿಗಳಿಗೆಲ್ಲ ಹೆಣ್ಣುಮಕ್ಕಳ ಹೆಸರಿಡುತ್ತಾರೆ. ನನ್ನದು ವಿಲ್ಮಾಳ ವಂಶ. ಹಾಕುವ ಕ್ರಮ ಹೆದರಿಸುವಂಥದ್ದಲ್ಲ. ಸುಮಾರು 3 ಜಿಬಿಯ ಕಡತವನ್ನು ಇಳಿಸಿಕೊಂಡು, ಅದನ್ನು ಪೆನ್‌ಡ್ರೈವಿಗೆ ಬರೆಯುವ ಸಣ್ಣ ತಂತ್ರಾಂಶವೊಂದರಿಂದ ಬರೆದು, ಲ್ಯಾಪ್‌ಟಾಪನ್ನು ಆ ಪೆನ್‌ಡ್ರೈವಿನಿಂದಲೇ ಚಾಲೂ ಮಾಡಬೇಕು. ಡಿಸ್ಕಿನಲ್ಲಿ ಏನನ್ನೂ ಮುಟ್ಟದೆ ಇಡೀ ಮಿಂಟ್ ಆ ಪೆನ್‌ಡ್ರೈವಿನಿಂದಲೇ ಓಡುತ್ತದೆ. ಇದು ವಿಂಡೋಸ್‌ನಲ್ಲಾಗಲೀ ಮ್ಯಾಕ್‌ನಲ್ಲಾಗಲೀ ಮನೆಬಳಕೆದಾರನಿಗೆ ಸಿಗದ ಸೌಲಭ್ಯ: ಹೆಣ್ಣು ನೋಡಲು ಹೋದಂತೆ ಹೋಗಿ, ವೈಫೈ ಹಿಡಿಯುತ್ತದೆಯೇ, ಸದ್ದು ಬರುತ್ತದೆಯೇ, ಕ್ಯಾಮೆರಾ ಕಾಣುತ್ತದೆಯೇ, ಮುಚ್ಚಿ ತೆರೆದರೆ ಎಚ್ಚರವಾಗುತ್ತದೆಯೇ ಎಂದು ನೋಡಿಕೊಂಡು ಬರಬಹುದು. ನಾನು ಎರಡು ದಿನ ಹಾಗೆ ನೋಡಿ, ಬೇಕಾದ ಕಡತಗಳನ್ನೆಲ್ಲ ಹೊರಗಿನ ಡಿಸ್ಕಿಗೆ ತುಂಬಿಟ್ಟು, ಆಮೇಲೆ ಹಾಕಿದೆ. ಇಪ್ಪತ್ತು ನಿಮಿಷದ ಕೆಲಸ.

ನನ್ನ ಪತ್ನಿ ಮೊದಲ ದಿನ ಪರದೆ ನೋಡಿ, “ಇದ್ಯಾವ ಹೊಸ ವಿಂಡೋಸ್ ರೀ?” ಎಂದು ಕೇಳಿದಳು. ಕೆಳಗೆ ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ, ನಡುವೆ ತೆರೆದ ಕಿಟಕಿಗಳ ಪಟ್ಟಿ, ಎಲ್ಲವೂ ಇದ್ದಲ್ಲಿಯೇ ಇದ್ದವು. ವಿಂಡೋಸ್ 11ರಲ್ಲಿ ಸ್ಟಾರ್ಟ್ ಗುಂಡಿ ಪಟ್ಟಿಯ ನಡುವಿಗೆ ಸರಿದಿರುವುದರಿಂದ, ವಿಂಡೋಸ್ 10ಕ್ಕೆ ಒಗ್ಗಿದವರಿಗೆ ವಿಂಡೋಸ್ 11ಕ್ಕಿಂತ ಮಿಂಟ್‌ನ ಸಿನಮನ್ ಎಂಬ ಪರದೆವಿನ್ಯಾಸವೇ ಹೆಚ್ಚು ಪರಿಚಿತವೆನಿಸುವ ವಿಚಿತ್ರ ಸನ್ನಿವೇಶವಿದು. ಧಾರಾವಾಹಿ ನೋಡುವ ತಾಣ ಮೊದಲ ಸಲ ತೆರೆದಾಗ ಫೈರ್‌ಫಾಕ್ಸ್ ಬ್ರೌಸರ್ ಡಿಆರ್‌ಎಂ ಎಂಬ ನಕಲು ತಡೆಯುವ ವ್ಯವಸ್ಥೆಗೆ ಅನುಮತಿ ಕೇಳಿತು. ಒಪ್ಪಿಗೆ ಕೊಟ್ಟ ಮೇಲೆ ಮತ್ತೆ ತೊಂದರೆಯಾಗಲಿಲ್ಲ.

ಈಗ ಕನ್ನಡದ ವಿಷಯ. ಈ ವಿಮರ್ಶೆಗೆ ಕೂತದ್ದೇ ಮುಖ್ಯವಾಗಿ ಅದಕ್ಕಾಗಿ.

ನನ್ನ ಬೆರಳುಗಳು ಕಗಪ ವಿನ್ಯಾಸಕ್ಕೆ ಒಗ್ಗಿದವು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಿಂದ ಬಂದು, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಶಾಲೆ, ಕಚೇರಿಗಳಿಗೆಲ್ಲ ಹರಡಿದ ವಿನ್ಯಾಸವಿದು. ‘ಅಕ್ಕ’ ಎಂದು ಬರೆಯಲು ಎ, ಕೆ, ಎಫ್, ಕೆ ಎಂಬ ನಾಲ್ಕು ಕೀಲಿಗಳನ್ನು ಒತ್ತಬೇಕು. ಒತ್ತಕ್ಷರ ತರಿಸುವುದು ನಡುವಿನ ಎಫ್. ಇಪ್ಪತ್ತು ವರ್ಷ ಹೀಗೆ ಒತ್ತಿದವನಿಗೆ ಬೇರೆ ವಿನ್ಯಾಸ ಕೊಟ್ಟರೆ ಎಡಗೈಯಲ್ಲಿ ಊಟಮಾಡಿದಂತೆ. ಮಿಂಟ್‌ನ ಕೀಲಿಮಣೆ ಸೆಟ್ಟಿಂಗ್‌ನಲ್ಲಿ ಭಾರತೀಯ ವಿನ್ಯಾಸಗಳ ಪಟ್ಟಿ ತೆರೆದಾಗ ಅಲ್ಲಿ ಇನ್‌ಸ್ಕ್ರಿಪ್ಟ್ ಎಂಬ ಸರ್ಕಾರಿ ಪ್ರಮಾಣಿತ ವಿನ್ಯಾಸದ ಜೊತೆಗೆ ‘ಕಗಪ’ ಎಂಬ ಹೆಸರೇ ಕಂಡಿತು. ಕನ್ನಡಕ್ಕೆ ಮಾತ್ರವೂ ಅಲ್ಲ; ಹಿಂದಿ, ಮರಾಠಿ, ಸಂಸ್ಕೃತಗಳಿಗೂ ಅದೇ ಹೆಸರಿನ ವಿನ್ಯಾಸಗಳಿವೆ. ಕನ್ನಡದ ಪರಿಷತ್ತೊಂದರ ಹೆಸರಿನ ಮೊದಲಕ್ಷರಗಳು ಜಗತ್ತಿನ ಮೂಲೆಮೂಲೆಯ ಲಿನಕ್ಸ್ ಯಂತ್ರಗಳ ಪಟ್ಟಿಯಲ್ಲಿ ಹೀಗೆ ಕೂತಿರುವುದನ್ನು ಕಂಡು ಆದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಆದರೆ ಪಟ್ಟಿಯಲ್ಲಿರುವ ಆ ಸರಳ ವಿನ್ಯಾಸ ನುಡಿಯಷ್ಟು ಜಾಣತನದ್ದಲ್ಲ. ಸ್ವರದ ಕೀಲಿ ಒತ್ತಿದಾಗ ಹಿಂದೆ ವ್ಯಂಜನವಿದ್ದರೆ ಕಾಗುಣಿತವಾಗಿಯೂ ಇಲ್ಲದಿದ್ದರೆ ಪೂರ್ಣಸ್ವರವಾಗಿಯೂ ತಾನೇ ಬರಬೇಕೆಂದರೆ ಐಬಸ್ ಎಂಬ ವ್ಯವಸ್ಥೆಯನ್ನೂ ಅದಕ್ಕೆ ಎಂ17ಎನ್ ಎಂಬ ಪ್ಯಾಕೇಜನ್ನೂ ಹಾಕಿಕೊಂಡು, ಅದರೊಳಗಿನ ಕನ್ನಡ ಕಗಪ ಆರಿಸಿಕೊಳ್ಳಬೇಕು. ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಹುಡುಕಿ ಹಾಕಿ ಒಮ್ಮೆ ಲಾಗೌಟ್ ಆಗಿ ಬಂದರೆ ಮುಗಿಯಿತು. ಆದರೆ ಹಾಗೆ ಮಾಡಬೇಕೆಂದು ಯಾರೂ ಅಲ್ಲಿ ಹೇಳುವುದಿಲ್ಲ. ಮಿಂಟ್‌ನ ಮೇಲೆ ನನ್ನ ದೊಡ್ಡ ಆಕ್ಷೇಪವೇ ಇದು. ಕನ್ನಡಕ್ಕೆ ಬೇಕಾದದ್ದೆಲ್ಲ ಉಗ್ರಾಣದಲ್ಲಿದೆ, ಬಾಗಿಲಲ್ಲಿ ಫಲಕವಿಲ್ಲ. ವಿಂಡೋಸ್‌ನಲ್ಲಿ ಇದು ಸುಲಭ: 2019ರ ಮೇ ತಿಂಗಳ ಅಪ್‌ಡೇಟ್‌ನಿಂದ ಈಚೆಗೆ ವಿಂಡೋಸ್ 10ರಲ್ಲೂ, ಅದರ ನಂತರದ 11ರಲ್ಲೂ ಕನ್ನಡದ ಫೋನೆಟಿಕ್ ಕೀಲಿಮಣೆ ಒಳಗೇ ಇದೆ, ಭಾಷೆಯ ಪಟ್ಟಿಗೆ ಹೋಗಿ ಕನ್ನಡ ಸೇರಿಸಿದರೆ ಸಾಕು. ಆ ಫೋನೆಟಿಕ್ ಇಂಗ್ಲಿಷ್ ಉಚ್ಚಾರದಂತೆ ಒತ್ತುವ ಕ್ರಮದ್ದು. ಹೊಸದಾಗಿ ಕಲಿಯುವ ಮಕ್ಕಳಿಗೆ ಒಳ್ಳೆಯದು, ನನ್ನಂಥವರು ಅಲ್ಲಿಯೂ ನುಡಿಯನ್ನೇ ಹಾಕಿಕೊಳ್ಳುತ್ತಾರೆ.

ಅಕ್ಷರಗಳು ಮೂಡುವ ಬಗೆಯಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ನಾನು ಪರೀಕ್ಷೆಗೆ ಇಟ್ಟುಕೊಂಡಿರುವ ಪದಗಳು ‘ರ‍್ಯಾಂಕ್’ ಮತ್ತು ‘ಸೂರ್ಯ’: ಎರಡರಲ್ಲೂ ರಕಾರ, ಯಕಾರಗಳೇ ಇದ್ದರೂ ಮೊದಲನೆಯದರಲ್ಲಿ ರಕಾರ ಪೂರ್ತಿಯಾಗಿ ನಿಂತು ಯಕಾರ ಒತ್ತಾಗಬೇಕು, ಎರಡನೆಯದರಲ್ಲಿ ಅರ್ಕಾವತ್ತು ಬರಬೇಕು. ಈ ಭೇದವನ್ನು ಕಂಪ್ಯೂಟರಿಗೆ ತಿಳಿಸುವುದು ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆ. ಫೈರ್‌ಫಾಕ್ಸ್ ಮತ್ತು ವರ್ಡ್‌ನಂಥ ಉಚಿತ ತಂತ್ರಾಂಶವಾದ ಲಿಬ್ರೆ ಆಫೀಸ್ ಎರಡೂ ಅದನ್ನು ಸರಿಯಾಗಿ ತೋರಿಸಿದವು. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟ್‌ಗಳು ಮಿಂಟ್‌ನ ಭಂಡಾರದಲ್ಲೇ ಸಿಗುತ್ತವೆ. ನೋಟೊ ಕನ್ನಡವೂ ಇದೆ. ಸಿಗದಿರುವುದು ಮೈಕ್ರೋಸಾಫ್ಟ್‌ನ ತುಂಗಾ ಮತ್ತು ನಿರ್ಮಲ ಫಾಂಟ್‌ಗಳು. ಇದರ ಪರಿಣಾಮ ಸಣ್ಣದೆನಿಸಿದರೂ ನನಗೆ ಒಮ್ಮೆ ತಲೆನೋವಾಯಿತು. ನಮ್ಮ ಬಡಾವಣೆಯ ಸಂಘದ ಸ್ಮರಣ ಸಂಚಿಕೆಯನ್ನು ವಿಂಡೋಸ್‌ನ ವರ್ಡ್‌ನಲ್ಲಿ ಜೋಡಿಸಿದ್ದರು, 64 ಪುಟ. ನನ್ನ ಯಂತ್ರದಲ್ಲಿ ತೆರೆದಾಗ ಬೇರೆ ಫಾಂಟ್ ಕೂತು ಅದು 67 ಪುಟವಾಗಿತ್ತು, ವಿಷಯಸೂಚಿಯ ಪುಟಸಂಖ್ಯೆಗಳೆಲ್ಲ ಸುಳ್ಳಾಗಿದ್ದವು. ಅಂದಿನಿಂದ ತಿದ್ದುವ ಪ್ರತಿಯನ್ನು ಎಲ್ಲರೂ ಒಂದೇ ಮುಕ್ತ ಫಾಂಟ್‌ನಲ್ಲಿಡುವುದು, ನೋಡುವ ಪ್ರತಿಯನ್ನು ಪಿಡಿಎಫ್ ಆಗಿ ಕಳಿಸುವುದು ಎಂದು ನಿಯಮ ಮಾಡಿಕೊಂಡಿದ್ದೇವೆ. ಲಿಬ್ರೆ ಆಫೀಸ್‌ನಲ್ಲಿ ಇಂಗ್ಲಿಷಿಗೆ ಒಂದು ಫಾಂಟ್, ಭಾರತೀಯ ಭಾಷೆಗಳಿಗೆ ಇನ್ನೊಂದು ಎಂದು ಎರಡು ಬೇರೆ ಸೆಟ್ಟಿಂಗ್‌ಗಳಿರುವುದೂ ಮೊದಲು ಗೊತ್ತಿರಬೇಕು. ಇಲ್ಲವಾದರೆ ಶೈಲಿಯಲ್ಲಿ ಒಂದರ ಗಾತ್ರ ಬದಲಿಸಿ, ಕನ್ನಡ ಏಕೆ ಬದಲಾಗಲಿಲ್ಲವೆಂದು ಅರ್ಧ ಗಂಟೆ ತಡಕಾಡಬೇಕಾಗುತ್ತದೆ.

ಹಳೆಯ ಕಡತಗಳದ್ದು ಬೇರೆಯೇ ಕಥೆ. 2004ರಿಂದ 2012ರವರೆಗೆ ನಾನು ತಯಾರಿಸಿದ ಪಾಠಟಿಪ್ಪಣಿಗಳು, ಒಟ್ಟು 140 ಕಡತಗಳು, ನುಡಿಯ ಹಳೆಯ ಆಸ್ಕಿ ಫಾಂಟ್‌ನಲ್ಲಿವೆ. ಆಗ ಕನ್ನಡದ ಅಕ್ಷರಭಾಗಗಳನ್ನು ಲ್ಯಾಟಿನ್ ಲಿಪಿಯ ಮನೆಗಳಲ್ಲಿ ಕೂರಿಸುತ್ತಿದ್ದರು. ಕಂಪ್ಯೂಟರಿನ ಪಾಲಿಗೆ ಅದು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲು, ಅದನ್ನು ಕನ್ನಡವಾಗಿ ತೋರಿಸುವುದು ಫಾಂಟ್ ಮಾತ್ರ. ಫಾಂಟ್ ಇಲ್ಲದ ಮಿಂಟ್‌ನಲ್ಲಿ ಅವನ್ನು ತೆರೆದಾಗ ತಲೆಯ ಮೇಲೆ ಚುಕ್ಕೆ, ಗೆರೆಗಳಿರುವ ಲ್ಯಾಟಿನ್ ಅಕ್ಷರಗಳು ಪುಟದ ತುಂಬ ಚೆಲ್ಲಿದ್ದವು. ನುಡಿಯ ಫಾಂಟ್ ಕಡತವನ್ನು ತಂದು ಹಾಕಿದೊಡನೆ ಎಲ್ಲವೂ ಕನ್ನಡವಾಯಿತು. ಓದಲು, ಪ್ರಿಂಟ್ ತೆಗೆಯಲು ಇಷ್ಟು ಸಾಕು. ಆದರೆ ಹುಡುಕಲಾಗದು, ಅಂತರಜಾಲಕ್ಕೆ ಹಾಕಲಾಗದು. ಆದ್ದರಿಂದ ಪರಿವರ್ತಕ ಸಾಧನದಿಂದ ಒಂದೊಂದಾಗಿ ಯೂನಿಕೋಡ್‌ಗೆ, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಮನೆಗಳಿರುವ ಇಂದಿನ ಕ್ರಮಕ್ಕೆ, ತಂದೆ. ಅರ್ಕಾವತ್ತು ಕೆಲವೆಡೆ ಪಕ್ಕದ ಅಕ್ಷರಕ್ಕೆ ಜಾರಿತ್ತು. ಅದಕ್ಕಿಂತ ಕಾಡಿದ್ದು ಸೊನ್ನೆ: ಆ ಕಾಲದಲ್ಲಿ ನಾನೇ ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆಯನ್ನು ಒತ್ತಿಬಿಟ್ಟಿದ್ದೆ. ನೋಡಲು ಎರಡೂ ಒಂದೇ. ‘ಕಂಬಳ’ ಎಂದು ಹುಡುಕಿದರೆ ಎದುರಿಗೇ ಕಾಣುತ್ತಿರುವ ಕಂಬಳ ಸಿಗುವುದಿಲ್ಲ. ಈ ತಪ್ಪು ನನ್ನದು. ಯಾವ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡಿದ್ದರೂ ಈ ಕೆಲಸ ತಪ್ಪುತ್ತಿರಲಿಲ್ಲ. ಆದರೆ ಇಂದಿಗೂ ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸ ತಂತ್ರಾಂಶದಲ್ಲಿ ನುಡಿ ಅಥವಾ ಶ್ರೀಲಿಪಿಯ ಆಸ್ಕಿ ಪಠ್ಯವನ್ನೇ ಕೇಳುವ ಮುದ್ರಣಾಲಯಗಳಿವೆ. ಅವರೊಂದಿಗೆ ನಿತ್ಯ ವ್ಯವಹಾರವಿರುವವರಿಗೆ ವಿಂಡೋಸ್ ಬಿಟ್ಟರೆ ಗತಿಯಿಲ್ಲ.

ಮಿಂಟ್‌ನ ಮೆನುಗಳನ್ನೇ ಕನ್ನಡದಲ್ಲಿ ನೋಡುವ ಆಸೆಯಿಂದ ಭಾಷೆಯನ್ನೂ ಬದಲಿಸಿ ನೋಡಿದೆ. ‘ಕಡತ’ ಎಂದಿರುವ ಕಡೆ ಸಂತೋಷವಾಗುತ್ತದೆ, ಅದರ ಕೆಳಗಿನ ಸಾಲೇ ಇಂಗ್ಲಿಷಿನಲ್ಲಿರುತ್ತದೆ. ಸ್ವಯಂಸೇವಕರು ಬಿಡುವು ಮಾಡಿಕೊಂಡು ಮಾಡಿದ ಕೆಲಸವಾದ್ದರಿಂದ ದೂರಲಾರೆ; ಮೂರು ದಿನಗಳ ನಂತರ ಇಂಗ್ಲಿಷಿಗೆ ಮರಳಿದೆ.

ಪ್ರಿಂಟರ್ ಮಾತ್ರ ನನ್ನನ್ನು ಸೋಲಿಸಿತು. ನಮ್ಮಲ್ಲಿರುವುದು ಹನ್ನೆರಡು ವರ್ಷದ ಸಣ್ಣ ಲೇಸರ್ ಪ್ರಿಂಟರ್. ಕಲ್ಲಿನಂತೆ ಗಟ್ಟಿ, ಟೋನರ್ ಅಗ್ಗ. ಆದರೆ ಅದು ತಯಾರಕರೇ ಬರೆದ ಡ್ರೈವರ್ (ಪ್ರಿಂಟರನ್ನು ನಡೆಸುವ ತಂತ್ರಾಂಶ) ಇಲ್ಲದೆ ಒಂದು ಚುಕ್ಕೆಯನ್ನೂ ಮೂಡಿಸದ ಜಾತಿಯದು. ಲಿನಕ್ಸ್‌ಗೆಂದು ಇದ್ದ ಹಳೆಯ ಡ್ರೈವರ್ ಹಾಕಲು ಎರಡು ಸಂಜೆ ಕಳೆದೆ. ಒಮ್ಮೆ ಪರೀಕ್ಷಾಪುಟ ಬಂತು, ಗೆದ್ದೆನೆಂದು ಮಲಗಿದೆ. ಬೆಳಗ್ಗೆ ಮತ್ತೆ ಮೌನ. ಕೊನೆಗೆ ಆ ಪ್ರಿಂಟರ್ ಅಣ್ಣನ ಮಗನ ಮೇಜಿಗೆ ಹೋಯಿತು, ನಾನು ಪಿಡಿಎಫ್ ಕಳಿಸಿದರೆ ಅವನು ಮುದ್ರಿಸಿ ಮೆಟ್ಟಿಲ ಮೇಲೆ ಇಡುತ್ತಾನೆ. ಇದಕ್ಕೆ ವ್ಯತಿರಿಕ್ತವಾಗಿ, ತಂಗಿಯ ಮನೆಯ ಹೊಸ ವೈಫೈ ಪ್ರಿಂಟರ್ ಏರ್‌ಪ್ರಿಂಟ್ ಬಲ್ಲದ್ದಾದ್ದರಿಂದ ಮಿಂಟ್ ಅದನ್ನು ತಾನೇ ಗುರುತಿಸಿ, ಯಾವ ಡ್ರೈವರನ್ನೂ ಕೇಳದೆ ಮುದ್ರಿಸಿತು, ಸ್ಕ್ಯಾನನ್ನೂ ಮಾಡಿತು. ಲಿನಕ್ಸ್‌ಗೆ ಹೋಗುವವರು ಮನೆಯ ಪ್ರಿಂಟರನ್ನು ಪೆನ್‌ಡ್ರೈವಿನ ಮಿಂಟ್‌ನಲ್ಲೇ ಪರೀಕ್ಷಿಸಿಕೊಳ್ಳಬೇಕು. ನಾನು ವೈಫೈ, ಸದ್ದು, ಕ್ಯಾಮೆರಾ ಎಲ್ಲವನ್ನೂ ನೋಡಿ ಇದೊಂದನ್ನು ಮರೆತಿದ್ದೆ. ಫೋನಿನ ಫೋಟೊಗಳದ್ದು ತೊಂದರೆಯೇ ಇರಲಿಲ್ಲ. ಕೇಬಲ್ ಚುಚ್ಚಿದರೆ ಫೋನು ಪೆನ್‌ಡ್ರೈವಿನಂತೆ ತೆರೆದುಕೊಳ್ಳುತ್ತದೆ.

ಅಪ್‌ಡೇಟ್‌ಗಳ ವಿಷಯದಲ್ಲಿ ಮಿಂಟ್‌ನ ನಡತೆ ಸಭ್ಯವಾದದ್ದು. ಮೂಲೆಯಲ್ಲಿ ಸಣ್ಣ ಗುರುತು ಕಾಣಿಸುತ್ತದೆ, ಬಿಡುವಾದಾಗ ಒತ್ತಿದರಾಯಿತು. ಕೆಲಸದ ನಡುವೆ ತಾನಾಗಿ ಮುಚ್ಚಿ ತೆರೆದುಕೊಳ್ಳುವುದಿಲ್ಲ. ಟೈಮ್‌ಶಿಫ್ಟ್ ಎಂಬ ಸೌಲಭ್ಯ ಇಡೀ ವ್ಯವಸ್ಥೆಯ ಸ್ಥಿತಿಯನ್ನು ಆಗಾಗ ಉಳಿಸಿಡುತ್ತದೆ. ಡಿಸೆಂಬರಿನಲ್ಲಿ ನಾನೇ ಎಲ್ಲಿಯೋ ಓದಿದ ಆದೇಶಗಳನ್ನು ಅರ್ಥಮಾಡಿಕೊಳ್ಳದೆ ಟರ್ಮಿನಲ್‌ಗೆ, ಅಂದರೆ ಆದೇಶ ಬರೆಯುವ ಕಿಟಕಿಗೆ, ಅಂಟಿಸಿ ಪರದೆಯನ್ನೇ ಕಪ್ಪಾಗಿಸಿಕೊಂಡೆ. ಪೆನ್‌ಡ್ರೈವಿನಿಂದ ಚಾಲೂ ಮಾಡಿ, ಟೈಮ್‌ಶಿಫ್ಟ್ ತೆರೆದು, ಹಿಂದಿನ ದಿನದ ಸ್ಥಿತಿಗೆ ಮರಳಿಸಿದಾಗ ಹತ್ತು ನಿಮಿಷದಲ್ಲಿ ಎಲ್ಲವೂ ಇದ್ದಂತಾಯಿತು. ಮೊದಲ ದಿನವೇ ಇದನ್ನು ಚಾಲೂ ಮಾಡಿಟ್ಟುಕೊಳ್ಳಬೇಕು. ಆದರೆ ಇದು ಉಳಿಸುವುದು ವ್ಯವಸ್ಥೆಯನ್ನು ಮಾತ್ರ. ನಮ್ಮ ಫೋಟೊ, ಬರಹಗಳಿಗೆ ಬೇರೆ ಡಿಸ್ಕಿನ ಬ್ಯಾಕಪ್ ಬೇಕೇ ಬೇಕು.

ವಿಂಡೋಸ್ 11ರ ಪರವಾಗಿ ಹೇಳಬೇಕಾದದ್ದನ್ನು ಅಣ್ಣನ ಮಗ ಒಂದೇ ಮಾತಿನಲ್ಲಿ ಹೇಳಿದ: “ಚಿಕ್ಕಪ್ಪ, ನಿಮ್ಮ ಮಿಂಟ್‌ನಲ್ಲಿ ಟ್ಯಾಲಿ ಓಡುತ್ತೆ ಅಂತ ಹೇಳಿ, ನಾಳೆನೇ ಹಾಕ್ಕೋತೀನಿ.” ಅವನು ಅಂಗಡಿಗಳ ಲೆಕ್ಕ ಬರೆಯುವವನು. ಬೆಂಗಳೂರಿನಲ್ಲೇ ಹುಟ್ಟಿದ ಟ್ಯಾಲಿ ವಿಂಡೋಸ್‌ಗಾಗಿ ಬರೆದ ತಂತ್ರಾಂಶ. ಆದಾಯ ತೆರಿಗೆ ಇಲಾಖೆಯ ಇಳಿಸಿಕೊಂಡು ತುಂಬುವ ಉಪಕರಣಗಳೂ ವಿಂಡೋಸನ್ನೇ ನೆಚ್ಚಿವೆ. ಕಕ್ಷಿದಾರರ ಡಿಜಿಟಲ್ ಸಹಿಯ ಟೋಕನ್‌ಗಳನ್ನು ದಿನಕ್ಕೆ ಹತ್ತು ಸಲ ಚುಚ್ಚಿ ತೆಗೆಯುವವನು ಡ್ರೈವರ್‌ಗಳೊಂದಿಗೆ ಸರಸವಾಡುತ್ತ ಕೂರಲಾರ. ನನ್ನಂಥ ಪಿಂಚಣಿದಾರನ ಸರಳ ರಿಟರ್ನ್ ಬ್ರೌಸರ್‌ನಲ್ಲೇ ತುಂಬಿ ಮುಗಿಯುತ್ತದೆ. ಹೊಸ ಯಂತ್ರದಲ್ಲಿ ವಿಂಡೋಸ್ 11 ಚುರುಕಾಗಿಯೇ ಇದೆ, ಬ್ಯಾಟರಿಯನ್ನು ಜೋಪಾನವಾಗಿ ಬಳಸುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಮಿಂಟ್ ಹಾಕಿದ ಮೇಲೆ ಬ್ಯಾಟರಿ ಮೊದಲಿಗಿಂತ ಇಪ್ಪತ್ತು ನಿಮಿಷ ಬೇಗ ಖಾಲಿಯಾಗುತ್ತಿದೆ. ವಿಂಡೋಸ್ 11ರಲ್ಲಿ ನನಗೆ ಹಿಡಿಸದಿರುವುದು ಅದರ ಒತ್ತಾಯ. ಹೋಮ್ ಆವೃತ್ತಿಯನ್ನು ಮೊದಲ ಸಲ ಸಿದ್ಧಪಡಿಸುವಾಗಲೇ ಇಂಟರ್‌ನೆಟ್ ಮತ್ತು ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ, ಆಮೇಲೆ ಒನ್‌ಡ್ರೈವ್‌ಗೆ ಕಡತಗಳನ್ನು ಸಾಗಿಸುವ ಸಲಹೆ ಕೊಡುತ್ತದೆ, ಅಲ್ಲಿ ಉಚಿತವಾಗಿ ಸಿಗುವುದು 5 ಜಿಬಿ. ದುಡ್ಡು ಕೊಟ್ಟು ಕೊಂಡ ಮನೆಯ ಜಗಲಿಯ ಮೇಲೆ ಮಾರಾಟಗಾರ ಕೂತೇ ಇರುವಂತೆ.

ಮ್ಯಾಕ್ ಬಗ್ಗೆ ಹೆಚ್ಚು ಹೇಳಲಾರೆ. 2024ರ ಕೊನೆಯಲ್ಲಿ ಬಂದ ಎಂ4 ಚಿಪ್‌ನ ಮ್ಯಾಕ್ ಮಿನಿ ನಮ್ಮಲ್ಲಿ 59,900 ರೂಪಾಯಿಗೆ ಬಿಡುಗಡೆಯಾಯಿತು. 16 ಜಿಬಿ ರ‍್ಯಾಮ್ ಇದೆ, ಸದ್ದಿಲ್ಲದೆ ಓಡುತ್ತದೆ, ಕನ್ನಡದ ಫಾಂಟ್, ಕೀಲಿಮಣೆ ಎಲ್ಲವೂ ಒಳಗಿವೆ. ಪರದೆ, ಕೀಲಿಮಣೆ, ಮೌಸ್ ಬೇರೆ ಕೊಳ್ಳಬೇಕು. ಹೊಸದನ್ನೇ ಕೊಳ್ಳುವ ಶಕ್ತಿಯಿದ್ದು ಟ್ಯಾಲಿಯಂಥ ಬಂಧನ ಇಲ್ಲದವರಿಗೆ ಒಳ್ಳೆಯದು. ಹಳೆಯ ಇಂಟೆಲ್ ಮ್ಯಾಕ್ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಲು ಹೋಗಬಾರದು. ಇಂಟೆಲ್ ಯಂತ್ರಗಳಿಗೆ ಮ್ಯಾಕ್‌ಓಎಸ್ 26 ಕೊನೆಯ ಆವೃತ್ತಿಯೆಂದು ಆಪಲ್ ಹೇಳಿಯಾಗಿದೆ. ಗೂಗಲ್‌ನ ಕ್ರೋಮ್‌ಓಎಸ್ ಫ್ಲೆಕ್ಸ್ ಹಳೆಯ ಯಂತ್ರಗಳಿಗೆಂದೇ ಇರುವ ಉಚಿತ ವ್ಯವಸ್ಥೆ, ನನ್ನ ಪಟ್ಟಿಯ ಆ 31 ಕೆಲಸಗಳಿಗೆ ಸಾಕು. ಫೋನಿನ ಆಪ್‌ಗಳು ಅದರಲ್ಲಿ ಸಿಗುವುದಿಲ್ಲ, ಉಳಿದ ಐದು ಕೆಲಸಗಳಿಗೆ ಅದು ಮಿಂಟ್‌ನಷ್ಟು ಒಗ್ಗುವುದೂ ಇಲ್ಲ.

ಕೆಟ್ಟಾಗ ಯಾರು ಬರುತ್ತಾರೆ ಎಂಬ ಪ್ರಶ್ನೆಯನ್ನು ಮನೆಯ ಕಂಪ್ಯೂಟರಿನ ವಿಷಯದಲ್ಲಿ ಬಿಡುವಂತಿಲ್ಲ. ವರ್ಷಗಳಿಂದ ಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನೇ ಬಳಸುತ್ತಿರುವ ಕೇರಳದಲ್ಲಿ ಲಿನಕ್ಸ್ ಎಂದರೆ ಮಕ್ಕಳಿಗೂ ಮೇಷ್ಟರಿಗೂ ಹೊಸದಲ್ಲ. ನಮ್ಮ ಬಡಾವಣೆಯ ರಿಪೇರಿ ಅಂಗಡಿಯಲ್ಲಿ ಅದರ ಹೆಸರೆತ್ತಿದರೆ ಮತ್ತೆ ವಿಂಡೋಸ್ ಹಾಕುವುದೇ ಪರಿಹಾರವೆನ್ನುತ್ತಾರೆ. ಆದ್ದರಿಂದ ಮನೆಯಲ್ಲಿ ಒಬ್ಬರಿಗಾದರೂ ತಾವೇ ಹುಡುಕಿ ಓದಿ ಸರಿಪಡಿಸುವ ತಾಳ್ಮೆ ಇರಬೇಕು. ಇಲ್ಲದ ಮನೆಗೆ ನಾನು ಮಿಂಟ್ ಹಾಕಿ ಎನ್ನುವುದಿಲ್ಲ, ಪರವಾನಗಿಯಿರುವ ವಿಂಡೋಸ್ 11 ಬರುವ ಹೊಸ ಲ್ಯಾಪ್‌ಟಾಪ್ ಕೊಳ್ಳಿ ಎನ್ನುತ್ತೇನೆ. ಫೆಬ್ರುವರಿಯಲ್ಲಿ ಮದುವೆಗೆಂದು ಧಾರವಾಡಕ್ಕೆ ಹೋಗಿ ಎಂಟು ದಿನ ಅಲ್ಲಿಯೇ ಉಳಿದಾಗ, ಏನಾದರೂ ಆದರೆ ಮಾಡಬೇಕಾದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಲ್ಯಾಪ್‌ಟಾಪಿನ ಚೀಲದಲ್ಲಿಟ್ಟಿದ್ದೆ. ಎಂಟು ದಿನದಲ್ಲಿ ಒಂದೇ ಫೋನು ಬಂತು: “ಅಕ್ಷರವೆಲ್ಲ ಹಂಡೆಯಷ್ಟು ದೊಡ್ಡದಾಗಿದೆ ನೋಡಿ.” ಕಂಟ್ರೋಲ್ ಜೊತೆ ಸೊನ್ನೆ ಒತ್ತಲು ಹೇಳಿದೆ, ಸರಿಹೋಯಿತು. ವಿಂಡೋಸ್ ಇದ್ದಿದ್ದರೂ ಅದೇ ಫೋನು ಬರುತ್ತಿತ್ತು, ಅದೇ ಉತ್ತರ ಹೇಳುತ್ತಿದ್ದೆ.

ಈಗ ಲ್ಯಾಪ್‌ಟಾಪಿನ ಎಡಗಡೆಯ ಕೀಲು ಸಡಿಲವಾಗಿದೆ, ಪರದೆಯನ್ನು ಎರಡೂ ಕೈಗಳಿಂದ ಎತ್ತಬೇಕು. ಮಿಂಟ್‌ಗೆ 2029ರವರೆಗೆ ಆಯುಸ್ಸಿದೆ, ಕೀಲಿಗೆ ಅಷ್ಟಿರುವಂತೆ ಕಾಣುವುದಿಲ್ಲ.